ಡಿಪೋದ ಇಪ್ಪತ್ತೊಂದು ಕಿಲೋಮೀಟರ್

ನನ್ನ ಚಪ್ಪಲಿ ಅಂಗಡಿಯ ಎದುರಿಗೇ ಬಸ್ ಡಿಪೋದ ಗೇಟು. ಈ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನಿಂತು ದುಡಿಯುವವರ ಕಾಲು ಊದುತ್ತದೆ, ಬಸ್ಸಿನ ಹಿಂದೆ ಓಡುವವರ ಚಪ್ಪಲಿ ಕಿತ್ತುಹೋಗುತ್ತದೆ. ಎರಡೂ ನನ್ನ ಹೊಟ್ಟೆಪಾಡು. ಹಾಗಾಗಿ ಯಾರಾದರೂ ಓಡುತ್ತೇನೆಂದು ಹೊರಟರೆ ಬೇಡ ಅನ್ನುವವನು ನಾನಲ್ಲ. ಆದರೂ ರೈಟಣ್ಣ ಬಂದು, "ಸಾಹುಕಾರ್ರೇ, ಓಡೋ ಬೂಟ್ ತೋರ್ಸಿ" ಎಂದ ದಿನ, ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಯಾರಿಗೆ?" ಎಂದು ಕೇಳಿದ್ದು ನಿಜ.

ರೈಟಣ್ಣ ಒಂಬತ್ತನೇ ನಂಬರಿನ ಬಸ್ಸಿನ ಕಂಡಕ್ಟರು. ಇಪ್ಪತ್ತಾರು ವರ್ಷ ಅದೇ ಬಸ್ಸು, ಅದೇ ದಾರಿ. ಬೇರೆ ಕಂಡಕ್ಟರುಗಳು ಒಂದು ಸಲ "ರೈಟ್" ಎಂದರೆ ಬಸ್ಸು ಹೊರಡುತ್ತದೆ. ಇವನು ಎರಡು ಸಲ ಅನ್ನಬೇಕು. ಮೊದಲನೆಯದು ಡ್ರೈವರಿಗೆ, ಎರಡನೆಯದು ತನ್ನ ಸಮಾಧಾನಕ್ಕೆ. ಹೆಸರು ಬಂದದ್ದು ಹಾಗೆ. ಕಾಗದ ಅಂದರೆ ಅವನಿಗೆ ಪ್ರಾಣ. ಸ್ವಂತ ಹೆಂಡತಿ ಹತ್ತಿದರೂ ಟಿಕೆಟ್ ಹರಿದು ಕೈಗಿಟ್ಟು, "ಇಳಿಯೋ ತನಕ ಜೋಪಾನ" ಅನ್ನುವ ಆಸಾಮಿ.

ವರ್ಷ ಕಳೆದಂತೆ ಅವನ ತೂಕ ತೊಂಬತ್ತೆಂಟು ಕಿಲೋಗೆ ಬಂತು. ಬಸ್ಸಿನ ಸೀಟುಗಳ ನಡುವಿನ ಓಣಿ ಮಾತ್ರ ಇದ್ದಷ್ಟೇ ಇತ್ತು. ಮುಂದಿನ ಬಾಗಿಲಿಂದ ಟಿಕೆಟ್ ಕೊಡುತ್ತ ಹೊರಟವನು ಹಿಂದಿನ ಸೀಟು ಮುಟ್ಟುವಷ್ಟರಲ್ಲಿ, ಆ ಸೀಟಿನವರು ಇಳಿದು ಮನೆ ಸೇರಿ ಕೈಕಾಲು ತೊಳೆದುಕೊಂಡಿರುತ್ತಿದ್ದರು. ದೂರು ಹೋಯಿತು. ವರ್ಷಕ್ಕೊಮ್ಮೆ ನೌಕರರನ್ನು ಪರೀಕ್ಷಿಸಲು ಬರುವ ಡಾಕ್ಟರು ಇವನ ನಾಡಿ ಹಿಡಿದು, ಮೊಣಕಾಲು ಒತ್ತಿ, "ಲಘು ಕೆಲಸಕ್ಕೆ ಮಾತ್ರ ಯೋಗ್ಯ" ಎಂದು ಬರೆದು ಹೋದರು. ಡಿಪೋದಲ್ಲೇ ಅತಿ ಭಾರದ ಮನುಷ್ಯನಿಗೆ ಲಘು ಕೆಲಸ!

ಆ ಕೆಲಸವೆಂದರೆ ಡೀಸೆಲ್ ಪಂಪಿನ ಹಿಂದಿನ ಕೋಣೆಯಲ್ಲಿ ಕೂತು, ಜನ ಬಸ್ಸಿನಲ್ಲಿ ಮರೆತುಬಿಟ್ಟ ಸಾಮಾನು ಕಾಯುವುದು. ಎರಡು ಕಪಾಟು ತುಂಬ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರದೋ ಒಂದು ಹಲ್ಲಿನ ಸೆಟ್ಟು. ವಾರಕ್ಕೆ ಇಬ್ಬರು ಬಂದರೆ ಹೆಚ್ಚು. ದಿನಕ್ಕೆ ಸಾವಿರ ಜನರ ಜೊತೆ ಜಗಳವಾಡಿ ಬದುಕಿದ ಮನುಷ್ಯ ಕೊಡೆಗಳ ಜೊತೆ ಏನು ಜಗಳವಾಡಿಯಾನು? ಇನ್ನೂ ಏಳು ವರ್ಷ ಸರ್ವೀಸು ಬಾಕಿಯಿತ್ತು. ಏಳು ವರ್ಷವೂ ಆ ಕೋಣೆಯಲ್ಲೇ ಕಳೆಯಬೇಕು ಎಂದು ತಿಳಿದ ದಿನದಿಂದ ಅವನ ಮುಖ ಮರೆತುಹೋದ ಸಾಮಾನಿನ ಹಾಗೇ ಆಯಿತು.

ಅವನ ಹೆಂಡತಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸದವಳು. ಕುತ್ತಿಗೆಗೆ ಟೇಪು ಹಾಕಿಕೊಂಡು ದಿನಕ್ಕೆ ಆರುನೂರು ಅಂಗಿಯ ಅಳತೆ ನೋಡಿ, ಅರ್ಧ ಇಂಚು ತಪ್ಪಿದರೂ ಪಕ್ಕಕ್ಕೆ ಎಸೆಯುವ ಹೆಂಗಸು. ಒಂದು ಸಂಜೆ ಅಂಗಡಿಗೆ ಬಂದು ಗೋಳಾಡಿದಳು.

"ಅಣ್ಣಾ, ಹೆಂಗಾದ್ರೂ ಮಾಡಿ ಇವರನ್ನ ಬಸ್ಸಿಗೆ ಹತ್ಸಿ. ನಿನ್ನೆ ಅಡುಗೆಮನೆ ಬಾಗ್ಲಲ್ಲಿ ಅಡ್ಡ ನಿಂತ್ಕೊಂಡು ನನಗೇ ಹೇಳ್ತಾರೆ, 'ಒಳಗೆ ಹೋಗಿ, ಒಳಗೆ ಜಾಗ ಇದೆ' ಅಂತ. ನಂದೇ ಅಡುಗೆಮನೆ!"

"ಅರ್ಜಿ ಕೊಡೋಕೆ ಹೇಳಮ್ಮ."

"ಮೂರು ಕೊಟ್ಟಾಯ್ತು. ಮ್ಯಾನೇಜರು ಮೂರಕ್ಕೂ ಸೀಲ್ ಹಾಕಿ ಇಟ್ಕೊಂಡ್ರು."

ಡಿಪೋ ಮ್ಯಾನೇಜರು ಅಂಥವರೇ. ಮೇಜಿಗೆ ಬಂದ ಪ್ರತಿ ಕಾಗದಕ್ಕೂ ಸಹಿ ಹಾಕುತ್ತಾರೆ, ಒಂದನ್ನೂ ಓದುವುದಿಲ್ಲ. ರೈಟಣ್ಣ ನಾಲ್ಕನೆಯ ಅರ್ಜಿ ಹಿಡಿದು ಹೋದಾಗ ಅವರ ಮೇಜಿನ ಮೇಲೆ ಊರಿನ ಓಟದ ಸ್ಪರ್ಧೆಯ ನೋಟೀಸು ಬಿದ್ದಿತ್ತು. ಇಪ್ಪತ್ತೊಂದು ಕಿಲೋಮೀಟರ್, ಮೂರು ಗಂಟೆ ಗಡುವು; ಓಡಲಾರದೆ ಕೂತವರನ್ನು ತುಂಬಿಕೊಂಡು ಬರಲು ಡಿಪೋದವರು ಒಂದು ಬಸ್ಸು ಕೊಡಬೇಕು ಎಂಬ ಕೋರಿಕೆ. ಮ್ಯಾನೇಜರು ಆ ನೋಟೀಸನ್ನು ಬೆರಳಿನಿಂದ ತಳ್ಳಿದರು.

"ನೋಡಯ್ಯ, ಇಷ್ಟು ಓಡಿ ತೋರ್ಸು. ಮಾರನೇ ದಿನವೇ ಮತ್ತೆ ಬಸ್ಸಿನ ಲೈನಿಗೆ ಹಾಕ್ತೀನಿ."

ಅವರು ಹೇಳಿದ್ದು ತಮಾಷೆಗೆ. ಆದರೆ ಕಂಡಕ್ಟರ ಜೊತೆ ತಮಾಷೆ ಮಾಡುವಾಗ ಹುಷಾರಾಗಿರಬೇಕು.

"ಬರ್ಕೊಡಿ ಸಾರ್" ಎಂದ ರೈಟಣ್ಣ.

ಮ್ಯಾನೇಜರು ಬಿದ್ದು ಬಿದ್ದು ನಕ್ಕರಂತೆ. ಹೊಟ್ಟೆ ಹಿಡಿದುಕೊಂಡೇ ಅರ್ಜಿಯ ಬೆನ್ನಿಗೆ ಬರೆದರು: "ಸದರಿ ನೌಕರರು ಇಪ್ಪತ್ತೊಂದು ಕಿಲೋಮೀಟರುಗಳನ್ನು ಮೂರು ಗಂಟೆಯೊಳಗೆ ಓಡಿದಲ್ಲಿ ಲೈನ್ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗುವುದು." ಕೆಳಗೆ ಸಹಿ. ರೈಟಣ್ಣ ಅಲ್ಲೇ ನಿಂತು ಸೀಲನ್ನೂ ಹಾಕಿಸಿಕೊಂಡು, ನೇರ ನನ್ನ ಅಂಗಡಿಗೆ ಬಂದ.

"ಒಂದು ನಂಬರ್ ದೊಡ್ಡದು ತಗೋ, ಓಡ್ತಾ ಓಡ್ತಾ ಕಾಲು ಹಿಗ್ಗುತ್ತೆ" ಎಂದು ನಾನು ಹೇಳಿದೆ. "ಇಪ್ಪತ್ತಾರು ವರ್ಷದಿಂದ ಒಂಬತ್ತೇ ನಂಬರು" ಎಂದು ಅವನು ಹಟ ಹಿಡಿದ. ಬಸ್ಸಿನ ನಂಬರೂ ಒಂಬತ್ತು, ಬೂಟಿನದೂ ಒಂಬತ್ತು. ಮೂರು ವಾರಕ್ಕೆ ಎರಡು ಹೆಬ್ಬೆರಳಿನ ಉಗುರೂ ಕಪ್ಪಾಗಿ, ಹತ್ತನೇ ನಂಬರಿಗೆ ಬಂದ. ನನಗೇನು, ಎರಡು ಜೊತೆ ಹೋಯಿತು.

ಎಲ್ಲಿ ಓಡುವುದು ಎಂಬ ಪ್ರಶ್ನೆಯೇ ಅವನಿಗೆ ಬರಲಿಲ್ಲ. ಒಂಬತ್ತನೇ ನಂಬರಿನ ಬಸ್ಸು ಡಿಪೋ ಗೇಟಿನಿಂದ ಊರಾಚೆಯ ನೀರಿನ ಟ್ಯಾಂಕಿನವರೆಗೆ ಹೋಗುತ್ತದೆ. ಡ್ರೈವರ ಸೀಟಿನ ಹಿಂದೆ ತೂಗುಹಾಕಿದ ದರದ ಚಾರ್ಟಿನಲ್ಲಿ ಪ್ರತಿ ಸ್ಟಾಪಿನ ದೂರವೂ ಅಚ್ಚಾಗಿದೆ, ಕೊನೆಯಲ್ಲಿ "ನೀರಿನ ಟ್ಯಾಂಕ್, 21". ಹೇಳಿ ಮಾಡಿಸಿದ ಹಾಗೆ.

"ನಂಗೆ ಅಳತೆ ಗಿಳತೆ ಬೇಡ ಸಾಹುಕಾರ್ರೇ. ಚಾರ್ಟಲ್ಲಿದೆ" ಎಂದ.

ಮೊದಲ ದಿನ ಎರಡನೇ ಸ್ಟಾಪಿನವರೆಗೆ ಓಡಿ, ವಾಪಸು ಬಸ್ಸಿನಲ್ಲಿ ಬಂದ. ಟಿಕೆಟ್ ತೆಗೆದುಕೊಂಡು.

ಅವನ ಓಟ ನೋಡುವಂಥದ್ದು. ಇಪ್ಪತ್ತಾರು ವರ್ಷ ಅಲ್ಲಾಡುವ ಬಸ್ಸಿನಲ್ಲಿ ನಿಂತವನಲ್ಲವೇ, ಬರಿಯ ರಸ್ತೆಯಲ್ಲೂ ಕಾಲು ಅಗಲಿಸಿ, ಎಡ ಸೊಂಟ ಮುಂದೆ ಮಾಡಿ, ಕಾಣದ ಜನರ ನಡುವೆ ನುಸುಳುವವನ ಹಾಗೆ ಅಡ್ಡಡ್ಡ ಓಡುತ್ತಿದ್ದ. ಎಡ ಕಂಕುಳಲ್ಲಿ ಚೀಲವಿಲ್ಲದಿದ್ದರೂ ಚೀಲ ಅವುಚಿಕೊಂಡ ಭಂಗಿ. ಇದಕ್ಕಿಂತ ಮಜವೆಂದರೆ, ಬಸ್ ಸ್ಟಾಪ್ ಬಂದರೆ ಅವನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಇಳಿಯುವವರು ಇಳಿದು ಹತ್ತುವವರು ಹತ್ತುವಷ್ಟು ಹೊತ್ತು ನಿಂತು, ತನಗೆ ತಾನೇ "ರೈಟ್, ರೈಟ್" ಎಂದುಕೊಂಡು ಮತ್ತೆ ಹೊರಡುವುದು. ಸ್ಟಾಪಿನಲ್ಲಿ ನಿಂತ ಜನ ಮೊದಮೊದಲು ಹೆದರಿದರು, ಆಮೇಲೆ ಅವನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು.

ಊರಿನಲ್ಲಿ ಓಡುವವರದೇ ಒಂದು ಪಟಾಲಂ ಇದೆ. ಭಾನುವಾರ ಬೆಳಿಗ್ಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೇ ಅವರ ಬೀಡು. ಓಡುವುದು ಒಂದು ಗಂಟೆ, ಓಡಿದ್ದನ್ನು ಹೇಳುವುದು ಮೂರು ಗಂಟೆ. ಬೇರೆಯವರು ಮಕ್ಕಳ ವಿಷಯ ಮಾತಾಡುವ ಹಾಗೆ ಇವರು ಮೊಣಕಾಲಿನ ವಿಷಯ ಮಾತಾಡುತ್ತಾರೆ: ಎಡಗಡೆಯದು ಸ್ವಲ್ಪ ಸೂಕ್ಷ್ಮ, ಬಲಗಡೆಯದು ಜಾಣ. ಇವರ ಮುಖಂಡ ಹಲ್ಲಿನ ಡಾಕ್ಟರು. ಆತ ರೋಗಿಯ ಬಾಯಿಗೆ ಹತ್ತಿ ತುರುಕಿದ ಮೇಲೆಯೇ ತನ್ನ ಓಟದ ಕಥೆ ಶುರುಮಾಡುವುದು. ಎದ್ದು ಹೋಗುವ ಹಾಗಿಲ್ಲ, ಸಾಕು ಅನ್ನುವ ಹಾಗಿಲ್ಲ. ಊರಿನಲ್ಲಿ ಎಷ್ಟೋ ಜನ ಹಲ್ಲುನೋವು ತಡೆದುಕೊಂಡಿರುವುದು ಆ ಭಯಕ್ಕೇ.

ಐದನೇ ತಿಂಗಳಿಗೆ ರೈಟಣ್ಣ ಟ್ಯಾಂಕ್ ಮುಟ್ಟಿದ. ತೂಕ ಎಂಬತ್ತನಾಲ್ಕಕ್ಕೆ ಇಳಿದಿತ್ತು. ಹೊತ್ತು ಎರಡು ಗಂಟೆ ಹತ್ತು ನಿಮಿಷ, ಸ್ಟಾಪುಗಳಲ್ಲಿ ನಿಂತದ್ದೂ ಸೇರಿ. ಸುದ್ದಿ ಕೇಳಿ ಪಟಾಲಂ ಗಾಬರಿಯಾಯಿತು. ಹಲ್ಲಿನ ಡಾಕ್ಟರು ಮೂರು ವರ್ಷ ಬೆವರು ಸುರಿಸಿ ಇಪ್ಪತ್ತೊಂದಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ ಮಾಡಿದ್ದವರು. ಮರುದಿನವೇ ರೈಟಣ್ಣನ ಜೊತೆ ಓಡಿ, ವಾಪಸು ಬಂದು, ಕೈಯಲ್ಲಿನ ದುಬಾರಿ ವಾಚನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

"ನೋಡಿ ಇಲ್ಲಿ, ಹದಿನಾಲ್ಕು ತೋರಿಸ್ತಿದೆ. ಇದು ಆಕಾಶದಿಂದ ಅಳೆಯೋ ವಾಚು ಕಣ್ರೀ."

"ಆಕಾಶದಿಂದ ನೋಡಿದ್ರೆ ಎಲ್ಲ ಚಿಕ್ಕದಾಗೇ ಕಾಣುತ್ತೆ ಡಾಕ್ಟ್ರೇ" ಎಂದ ರೈಟಣ್ಣ. "ಅದರಲ್ಲಿ ಸಹಿ ಇದೆಯಾ? ಸೀಲ್ ಇದೆಯಾ? ಚಾರ್ಟಲ್ಲಿ ಎರಡೂ ಇದೆ."

"ಅಲ್ಲಪ್ಪ, ನಿನಗೇ ಅನುಮಾನ ಬರಲ್ವಾ? ನಾನು ಮೂರು ವರ್ಷದಿಂದ ಓಡ್ತಿದೀನಿ..."

"ನಾನು ಇಪ್ಪತ್ತಾರು ವರ್ಷದಿಂದ ಹೋಗ್ತಿದೀನಿ. ವಾಚನ್ನ ರಿಪೇರಿಗೆ ಕೊಡಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಡಾಕ್ಟರು ವಾಚನ್ನು ಎತ್ತಿಕೊಂಡು, ನಾಲ್ಕು ಸಲ ಅಲ್ಲಾಡಿಸಿ, ನಿಜಕ್ಕೂ ರಿಪೇರಿಗೆ ಕೊಟ್ಟರು. ನನಗೂ ಒಳಗೊಳಗೇ ಅನುಮಾನ ಇತ್ತು ಅನ್ನಿ. ಆದರೆ ಹದಿನಾಲ್ಕಾದರೇನು, ಇಪ್ಪತ್ತೊಂದಾದರೇನು, ಸವೆಯುವುದು ಬೂಟು ತಾನೆ? ಗಿರಾಕಿಯ ನಂಬಿಕೆ ಕೆಡಿಸುವುದು ವ್ಯಾಪಾರಿಯ ಕೆಲಸವಲ್ಲ ಎಂದು ಸುಮ್ಮನಾದೆ. ಇದು ಹೇಳಿಕೊಳ್ಳುವಂಥ ಮಾತಲ್ಲ, ಆದರೂ ಹೇಳಿದ್ದೇನೆ.

ಅಲ್ಲಿಂದ ಮುಂದೆ ರೈಟಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂತು ಪಟಾಲಮ್ಮಿಗೇ ಬುದ್ಧಿ ಹೇಳತೊಡಗಿದ. ಮರೆತ ಸಾಮಾನಿನ ಕೋಣೆಗೆ ಬೀಗ ಹಾಕಿ ಯಾರಿಗೆ ಬೀಗದಕೈ ಒಪ್ಪಿಸಬೇಕೆಂದೂ ತೀರ್ಮಾನಿಸಿದ್ದ. ಅವನ ಹೆಂಡತಿ ಹಳೆಯ ಸಮವಸ್ತ್ರವನ್ನು ತೆಗೆದು ಸೊಂಟ ಆರು ಇಂಚು ಒಳಗೆ ಹಿಡಿದು ಹೊಲಿದಳು.

ಓಟದ ದಿನ ಬೆಳಿಗ್ಗೆ ಎರಡು ಸಾವಿರ ಜನ ಎದೆಗೆ ನಂಬರು ಚುಚ್ಚಿಕೊಂಡು ನಿಂತಿದ್ದರು. ಇಷ್ಟು ದೊಡ್ಡ ಗುಂಪು ಒಂದೇ ಕಡೆ ಒತ್ತಿಕೊಂಡು ನಿಂತದ್ದನ್ನು ನೋಡಿ ರೈಟಣ್ಣನಿಗೆ ತಡೆಯಲಾಗಲಿಲ್ಲ. "ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಖಾಲಿ ಇದೆ" ಎಂದು ಕೂಗಿಯೇಬಿಟ್ಟ. ಅಭ್ಯಾಸಬಲದಿಂದ ಇನ್ನೂರು ಜನ ಮುಂದೆ ಸರಿದರು. ಗೆರೆಯ ಬಳಿ ನಿಂತಿದ್ದ ಸಂಘಟಕರಿಗೆ ಅವರನ್ನು ಹಿಂದೆ ತಳ್ಳಲು ಕಾಲು ಗಂಟೆ ಹಿಡಿಯಿತು.

ಸೋತವರನ್ನು ತುಂಬಿಕೊಳ್ಳಲು ಬಂದ ಬಸ್ಸು ಸಾಕ್ಷಾತ್ ಒಂಬತ್ತನೇ ನಂಬರಿನದೇ. ಅದರ ಡ್ರೈವರು ರೈಟಣ್ಣನ ಹೆಂಡತಿಯ ತಮ್ಮ. ಹನ್ನೆರಡು ವರ್ಷ ಭಾವನ "ರೈಟ್ ರೈಟ್" ಕೇಳಿ ಕೇಳಿ ಕಿವಿ ದಪ್ಪಗಾದವನು. ಅವನ ದಾಕ್ಷಿಣ್ಯಕ್ಕೆ ಅಕ್ಕನೂ ನಾನೂ ಮುಂದಿನ ಸೀಟಿನಲ್ಲಿ ಕೂತೆವು. ಎಲ್ಲರಿಗಿಂತ ಹಿಂದೆ ಓಡುವವನ ಬೆನ್ನಿಗೆ ಬಸ್ಸು ಆಮೆಯ ಹಾಗೆ ಹೋಗಬೇಕು. ಎಲ್ಲರಿಗಿಂತ ಹಿಂದೆ ಯಾರು ಎಂದು ಹೇಳಬೇಕಾಗಿಲ್ಲ.

ಈ ರಸ್ತೆ ಅವನದ್ದಲ್ಲ. ಅವನ ಸ್ಟಾಪುಗಳಿಲ್ಲ. ಎಲ್ಲಿ ನಿಂತು ಉಸಿರು ಬಿಡಬೇಕೆಂದು ಕಾಲಿಗೆ ತಿಳಿಯಲಿಲ್ಲ. ಬದಲಿಗೆ ಪ್ರತಿ ಕಿಲೋಮೀಟರಿಗೂ ಒಂದು ಹಳದಿ ಬೋರ್ಡು ನೆಟ್ಟಿದ್ದರು. ಏಳನೆಯ ಬೋರ್ಡಿಗೆ ಒಂದು ಗಂಟೆ ಐದು ನಿಮಿಷ ಆಗಿತ್ತು. ಅವನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಹತ್ತು ದಾಟಿರಬೇಕು. ಹಿಂತಿರುಗಿ ನೋಡದೆಯೇ ಕೂಗಿದ.

"ಬೋರ್ಡ್ ತಪ್ಪು ನೆಟ್ಟಿದಾರೆ ಕಣೋ!"

"ಹೌದು ಭಾವ, ಎಲ್ಲರೂ ಸೇರ್ಕೊಂಡು ನಿಮಗೋಸ್ಕರ ಕಿತ್ತು ಕಿತ್ತು ದೂರ ನೆಟ್ಟಿದಾರೆ" ಎಂದು ಭಾವಮೈದ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹತ್ತಿ, ಸೀಟ್ ಖಾಲಿ ಇದೆ."

"ನೀನು ಹಾರ್ನ್ ಹೊಡೀಬೇಡ!"

"ಹೊಡೀದೆ ಇದ್ರೆ ನೀವು ನಿದ್ದೆ ಹೋಗ್ತೀರಿ."

"ಸುಮ್ನಿರೋ" ಎಂದು ಅಕ್ಕ ತಮ್ಮನ ಬೆನ್ನಿಗೆ ಗುದ್ದಿದಳು. ಕಣ್ಣು ಮಾತ್ರ ಗಂಡನ ಹಿಮ್ಮಡಿಯ ಮೇಲೇ ಇತ್ತು.

ಹದಿನಾಲ್ಕನೆಯ ಬೋರ್ಡು. ಎರಡು ಗಂಟೆ ಹತ್ತು ನಿಮಿಷ. ಅಲ್ಲಿ ರೈಟಣ್ಣ ನಿಂತ. ಸುಸ್ತಾಗಿ ಕುಸಿಯಲಿಲ್ಲ, ಸುಮ್ಮನೆ ನಿಂತ, ಕೊನೆಯ ಸ್ಟಾಪ್ ಬಂದಾಗ ಬಸ್ಸು ನಿಲ್ಲುವ ಹಾಗೆ. ತಿಂಗಳಿಂದ ದಿನವೂ ಇಷ್ಟೇ ಓಡಿದ ಕಾಲು, ಮುಗಿಯಿತು ಎಂದು ತೀರ್ಪು ಕೊಟ್ಟುಬಿಟ್ಟಿತ್ತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನೀರಿನ ಟ್ಯಾಂಕ್ ಹುಡುಕುತ್ತಿದ್ದ ಎಂದು ಆಮೇಲೆ ನನಗೆ ಹೇಳಿದ. "ರೈಟ್, ರೈಟ್" ಎಂದುಕೊಂಡ. ಕಾಲು ಕೇಳಲಿಲ್ಲ. ಇನ್ನೊಮ್ಮೆ, ಜೋರಾಗಿ. ಬಸ್ಸೇ ಒಂದು ಗೇಣು ಮುಂದೆ ಸರಿಯಿತೇ ಹೊರತು ಕಾಲು ಸರಿಯಲಿಲ್ಲ.

ಅಲ್ಲಿಂದ ಮುಂದೆ ಅವನು ನಡೆದ. ನಡೆದ ಅನ್ನುವುದೂ ಮರ್ಯಾದೆಯ ಮಾತು. ಹದಿನೇಳನೆಯ ಬೋರ್ಡು ದಾಟಿ ನೂರು ಹೆಜ್ಜೆ ಇಡುವಷ್ಟರಲ್ಲಿ ಸೀಟಿ ಊದಿದರು. ಮೂರು ಗಂಟೆ ಮುಗಿದಿತ್ತು. ಸೀಟಿಯವನು ಬಂದು ಬಸ್ಸು ಹತ್ತಲು ಹೇಳಿದಾಗ, ರೈಟಣ್ಣ ಚಡ್ಡಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಮ್ಯಾನೇಜರ ಕಾಗದ ತೆಗೆದು ತೋರಿಸಿದ.

"ಇದು ನಮ್ಮದಲ್ಲ ಯಜಮಾನ್ರೇ" ಎಂದ ಅವನು. "ಹತ್ತಿ."

ಹತ್ತಿದ. ಬಸ್ಸಿನ ತುಂಬ ಕಾಲು ನೀಡಿ ಮಲಗಿದವರು, ನರಳುವವರು, ವಾಂತಿ ಮಾಡುವವರು. ಮುಂದೆ ಒಂದು ಸೀಟು ಖಾಲಿ ಇದ್ದರೂ ಅವನು ಕೂರಲಿಲ್ಲ. ಬಾಗಿಲ ಬಳಿ ಕಂಬಿ ಹಿಡಿದು ನಿಂತ. ಹಿಂದಿನಿಂದ ಯಾರೋ ಹೆಂಗಸು, ಕಾಲು ಹಿಡಿದುಕೊಂಡವಳು, "ಅಣ್ಣಾ, ಇನ್ನೆಷ್ಟು ದೂರ ಇದೆ?" ಎಂದು ಕೇಳಿದಳು. ದಿನಕ್ಕೆ ನೂರು ಸಲ ಉತ್ತರಿಸಿದ ಪ್ರಶ್ನೆ. ಅವನ ಕಣ್ಣು ಡ್ರೈವರ ಸೀಟಿನ ಹಿಂದಿನ ಚಾರ್ಟಿಗೆ ಹೋಯಿತು. ಅವನ ಹೆಂಡತಿ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು.

ಮಾರನೇ ದಿನ ಸಂಜೆ ನಾಲ್ವರೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ರೈಟಣ್ಣ ಬಕೆಟ್ಟಿನ ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು, "ಚಾರ್ಟಲ್ಲಿ ಇಪ್ಪತ್ತೊಂದು, ಚಾರ್ಟಲ್ಲಿ ಇಪ್ಪತ್ತೊಂದು" ಎಂದು ಅದನ್ನೇ ಹೇಳುತ್ತಿದ್ದ.

"ಚಾರ್ಟಲ್ಲಿ ಇರಬಹುದು ಭಾವ" ಎಂದ ಭಾವಮೈದ. "ನನ್ನ ಡೀಸೆಲ್ ಶೀಟಲ್ಲಿ ಹದಿನಾಲ್ಕು."

"ಏನು ಹದಿನಾಲ್ಕು?"

"ಡಿಪೋ ಟು ಟ್ಯಾಂಕ್. ಮೀಟರ್ ನೋಡಿ ದಿನಾ ಬರೀತೀನಲ್ಲ, ಡೀಸೆಲ್ ಲೆಕ್ಕಕ್ಕೆ. ಸೇತುವೆ ಆದಾಗಿಂದ ಹದಿನಾಲ್ಕೇ."

ಬಕೆಟ್ಟಿನ ನೀರು ಅಲುಗಾಡುವುದು ನಿಂತಿತು. ಹತ್ತು ವರ್ಷದ ಹಿಂದಿನವರೆಗೆ ಒಂಬತ್ತನೇ ನಂಬರಿನ ಬಸ್ಸು ಊರಾಚೆಯ ಜೌಗು ನೆಲವನ್ನು ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಆಮೇಲೆ ಜೌಗಿನ ಮೇಲೆ ಸೇತುವೆ ಆಗಿ, ಏಳು ಕಿಲೋಮೀಟರ್ ಉಳಿಯಿತು. ಸ್ಟಾಪುಗಳ ಹೆಸರು ಬದಲಾಗಲಿಲ್ಲ, ಚಾರ್ಟೂ ಬದಲಾಗಲಿಲ್ಲ. ಟಿಕೆಟ್ಟಿಗೆ ಇಪ್ಪತ್ತೊಂದು, ಡೀಸೆಲ್ಲಿಗೆ ಹದಿನಾಲ್ಕು. ಒಂದೇ ಬಸ್ಸು, ಒಂದೇ ಟ್ರಿಪ್ಪು, ಎರಡು ದೂರ.

"ನಿಂಗೆ ಗೊತ್ತಿದ್ರೆ ಹೇಳ್ಬಾರ್ದಾಗಿತ್ತೇನೋ!" ಎಂದು ರೈಟಣ್ಣ ಗುಡುಗಿದ.

"ನೀವು ಕೇಳ್ಲಿಲ್ಲವಲ್ಲ ಭಾವ. ಚಾರ್ಟ್ ನಿಮ್ಮ ಕಡೆದು, ಶೀಟ್ ನಮ್ಮ ಕಡೆದು. ನಿಮ್ಮ ಲೆಕ್ಕದಲ್ಲಿ ನಾನ್ಯಾಕೆ ತಲೆ ಹಾಕ್ಲಿ? ಅಷ್ಟಕ್ಕೂ ನೀವೇ ದಿನಾ ಆ ಸೇತುವೆ ಮೇಲೆ ಹೋಗ್ತಿದ್ರಿ!"

ಅದೂ ನಿಜ. ಆದರೆ ಕಂಡಕ್ಟರು ರಸ್ತೆಗೆ ಬೆನ್ನು ಹಾಕಿ ನಿಲ್ಲುವವನು. ಅವನು ನೋಡುವುದು ಜನರ ಕೈ, ಜೇಬು, ಕಳ್ಳನೋಟ. ಹೊರಗೆ ಜೌಗು ಹೋಗಿ ಸೇತುವೆ ಬಂದದ್ದು ಅವನಿಗೆ, ಬಸ್ಸು ಈಚೆಗೆ ಸ್ವಲ್ಪ ಕಡಿಮೆ ಕುಲುಕುತ್ತಿದೆ ಎಂಬಷ್ಟೇ ವಿಷಯ.

ರೈಟಣ್ಣನ ಹೆಂಡತಿ ಕುತ್ತಿಗೆಯ ಟೇಪನ್ನು ತೆಗೆದು ಸುರುಳಿ ಸುತ್ತಿದಳು.

"ಆ ಶೀಟಿಗೆ ಸಹಿ ಯಾರು ಹಾಕೋದು?"

"ಇನ್ಯಾರು ಅಕ್ಕ, ಮ್ಯಾನೇಜರು."

"ಚಾರ್ಟಿಗೆ?"

"ಅವರೇ."

"ಎರಡೂ ತಗೊಂಡ್ ಬಾ" ಎಂದಳು.

ಡ್ರೈವರುಗಳಿಗೆ ಕೊಡಬೇಕಿದ್ದ ಕಪ್ಪು ಬೂಟುಗಳ ಪೆಟ್ಟಿಗೆ ನನ್ನ ಬಳಿ ಸಿದ್ಧವಿತ್ತು. ಅದನ್ನು ತಲುಪಿಸುವ ನೆವದಲ್ಲಿ ಮರುದಿನ ನಾನೂ ಅವರ ಹಿಂದೆಯೇ ಮ್ಯಾನೇಜರ ಕೋಣೆ ಹೊಕ್ಕೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ.

ಮ್ಯಾನೇಜರು ಒಳ್ಳೆಯ ಹುರುಪಿನಲ್ಲಿದ್ದರು. "ಬಾಪ್ಪಾ ಓಟಗಾರ! ಹದಿನೇಳಕ್ಕೇ ಗಾಡಿ ಕೆಟ್ಟು ನಿಂತಿತಂತೆ? ಹೋಗ್ಲಿ ಬಿಡು, ಕೊಡೆಗಳು ನಿನ್ನ ದಾರಿ ಕಾಯ್ತಿದಾವೆ."

"ಸಾರ್, ಚಾರ್ಟ್ ಸುಳ್ಳು ಸಾರ್" ಎಂದ ರೈಟಣ್ಣ. ಲೈನು ಹೋದದ್ದಕ್ಕಿಂತ ಚಾರ್ಟು ಕೈಕೊಟ್ಟದ್ದೇ ಅವನಿಗೆ ಹೆಚ್ಚು ನೋವಾಗಿತ್ತು. "ಟ್ಯಾಂಕ್ ಇಪ್ಪತ್ತೊಂದಲ್ಲ, ಹದಿನಾಲ್ಕು. ಆರು ತಿಂಗಳು ನಾನು ಸುಳ್ಳು ಓಡಿದೀನಿ ಸಾರ್."

"ಯಾರಯ್ಯ ಹೇಳಿದ್ದು? ಸಹಿ ಹಾಕಿದ ಚಾರ್ಟ್ ಅದು. ಚಾರ್ಟಲ್ಲಿ ಇಪ್ಪತ್ತೊಂದು ಅಂದ್ರೆ ಇಪ್ಪತ್ತೊಂದೇ."

"ಹಂಗಂತೀರಾ ಸಾರ್?" ಎಂದು ಅವನ ಹೆಂಡತಿ ಮುಂದೆ ಬಂದು, ಚಾರ್ಟನ್ನೂ ಅವರು ಬರೆದುಕೊಟ್ಟ ಕಾಗದವನ್ನೂ ಮೇಜಿನ ಮೇಲಿಟ್ಟಳು. "ಹಂಗಾದ್ರೆ ಬಹಳ ಒಳ್ಳೇದಾಯ್ತು. ನಮ್ಮೋರು ಡಿಪೋದಿಂದ ಟ್ಯಾಂಕಿಗೆ ಎರಡು ಗಂಟೆ ಹತ್ತು ನಿಮಿಷದಲ್ಲಿ ಓಡಿದಾರೆ. ಹಲ್ಲಿನ ಡಾಕ್ಟ್ರು ಜೊತೆಗಿದ್ರು, ಸಾಹುಕಾರ್ರು ಗೇಟಲ್ಲಿ ನೋಡಿದಾರೆ. ನೀವು ಬರ್ಕೊಟ್ಟಿದ್ದು ಇದು. ಯಾವ ಓಟದಲ್ಲಿ ಓಡ್ಬೇಕು ಅಂತ ಇದರಲ್ಲಿಲ್ಲ. ಇಪ್ಪತ್ತೊಂದು ಕಿಲೋಮೀಟರು, ಮೂರು ಗಂಟೆ, ಅಷ್ಟೇ ಇರೋದು."

ಮ್ಯಾನೇಜರು ತಾವೇ ಬರೆದದ್ದನ್ನು ಮೊದಲ ಬಾರಿಗೆ ಓದಿದರು. ಓದಿ ಕನ್ನಡಕ ತೆಗೆದರು. "ಏಯ್ ತಾಯಿ, ಮಾತಿಗೆ ಮಾತು ಜೋಡಿಸ್ಬೇಡ. ಟ್ಯಾಂಕ್ ಹದಿನಾಲ್ಕೇ ಅಂತ ಎಲ್ಲರಿಗೂ ಗೊತ್ತು. ಸೇತುವೆ ಆಗಿ ಹತ್ತು ವರ್ಷ ಆಯ್ತು."

"ಹದಿನಾಲ್ಕಾ ಸಾರ್?" ಎಂದು ಅವಳು ಡೀಸೆಲ್ ಶೀಟನ್ನು ಬಿಚ್ಚಿ ಚಾರ್ಟಿನ ಪಕ್ಕದಲ್ಲಿಟ್ಟಳು, ಫ್ಯಾಕ್ಟರಿಯಲ್ಲಿ ಎರಡು ತೋಳು ಒಟ್ಟಿಗೆ ಹಿಡಿದು ಉದ್ದ ನೋಡುವ ಹಾಗೆ. "ಹಂಗಾದ್ರೆ ಹತ್ತು ವರ್ಷ ಜನರ ಹತ್ರ ಏಳು ಕಿಲೋಮೀಟರಿಗೆ ಸುಮ್ನೆ ಟಿಕೆಟ್ ಹರಿದಿದೀವಿ. ಇದರಲ್ಲೂ ನಿಮ್ಮ ಸಹಿ, ಅದರಲ್ಲೂ ನಿಮ್ಮ ಸಹಿ. ಇವೆರಡರಲ್ಲಿ ಯಾವುದು ನಿಮ್ಮದಲ್ಲ, ಅದನ್ನೊಂದು ಹೇಳ್ಬಿಡಿ ಸಾರ್. ನಾವು ಎದ್ದು ಹೋಗ್ತೀವಿ."

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಬೂಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಎಣಿಸಿ ಮುಗಿದರೆ ಮತ್ತೆ ಮೊದಲಿಂದ.

ಕೊನೆಗೆ ಅವರು ಪೆನ್ನು ತೆಗೆದುಕೊಂಡರು. ಸದರಿ ನೌಕರರು ನಾಳೆಯಿಂದ ಒಂಬತ್ತನೇ ನಂಬರಿನ ಲೈನಿಗೆ. ಸಹಿ. ಸೀಲು. "ಈ ವಿಷಯ ಮಾತ್ರ..." ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದರು.

"ಯಾವ ವಿಷಯ ಸಾರ್?" ಎಂದು ಅವಳು ಎರಡೂ ಹಾಳೆಗಳನ್ನು ಮಡಚಿ ರವಿಕೆಯೊಳಗೆ ಸೇರಿಸಿದಳು.

ಇಲ್ಲಿಗೆ ಮುಗಿದಿದ್ದರೆ ಊರಿಗೆ ಒಳ್ಳೆಯದಿತ್ತು. ಆದರೆ ರೈಟಣ್ಣ ಬಾಗಿಲಲ್ಲಿ ನಿಂತುಬಿಟ್ಟ. ಹೆಂಡತಿ ಅವನ ಕಪ್ಪು ಉಗುರಿನ ಹೆಬ್ಬೆರಳನ್ನು ಬಲವಾಗಿ ತುಳಿದರೂ ಬಾಯಿ ಮುಚ್ಚಲಿಲ್ಲ.

"ಆದ್ರೂ ಸಾರ್, ಚಾರ್ಟ್ ತಪ್ಪಿದೆ. ತಪ್ಪು ಚಾರ್ಟ್ ಇಟ್ಕೊಂಡು ನಾನು ಹೆಂಗೆ ಟಿಕೆಟ್ ಕೊಡ್ಲಿ? ಸರಿ ಮಾಡ್ಬೇಕು ಸಾರ್."

"ಮಾಡ್ತೀನಿ ಹೋಗಯ್ಯ!" ಎಂದು ಮ್ಯಾನೇಜರು ಹಲ್ಲು ಕಡಿದರು.

ಮಾತಿಗೆ ತಪ್ಪುವವರಲ್ಲ ಅವರು. ಹದಿನೈದು ದಿನದಲ್ಲಿ ಡಿಪೋ ಗೇಟಿಗೆ ಒಂದು ಪ್ರಕಟಣೆ ಬಿತ್ತು. ಚಾರ್ಟ್ ಬದಲಿಸಿದರೆ ದರ ಇಳಿಸಬೇಕು, ದರ ಇಳಿಸಿದರೆ ಇಷ್ಟು ದಿನ ಯಾಕೆ ಇಳಿಸಲಿಲ್ಲ ಎಂದು ಮೇಲಿನವರು ಕೇಳುತ್ತಾರೆ. ಅದಕ್ಕೇ ಮ್ಯಾನೇಜರು ಕಾಗದವನ್ನು ಮುಟ್ಟಲಿಲ್ಲ, ರಸ್ತೆಯನ್ನು ಸರಿಮಾಡಿದರು: ಇನ್ನು ಮುಂದೆ ಒಂಬತ್ತನೇ ನಂಬರಿನ ಬಸ್ಸು ಸೇತುವೆಯ ಮೇಲೆ ಹೋಗದೆ, ಜೌಗು ಸುತ್ತುವ ಹಳೆಯ ದಾರಿಯಲ್ಲೇ ಸಂಚರಿಸುವುದು. ಈಗ ಚಾರ್ಟೂ ಇಪ್ಪತ್ತೊಂದು, ಮೀಟರೂ ಇಪ್ಪತ್ತೊಂದು. ಎಲ್ಲ ಸಹಿಗಳೂ ಪವಿತ್ರವಾದವು.

ಮೊನ್ನೆ ನನಗೆ ಟ್ಯಾಂಕಿನ ಬಳಿಯ ಗೋದಾಮಿಗೆ ಹೋಗಬೇಕಿತ್ತು. ಒಂಬತ್ತನೇ ನಂಬರು ಹತ್ತಿದೆ. ಹತ್ತು ವರ್ಷದಿಂದ ಯಾರೂ ಕಾಲಿಡದ ಆ ಹಳೆಯ ದಾರಿಯಲ್ಲಿ ಬಸ್ಸು ಗುಂಡಿಯಿಂದ ಗುಂಡಿಗೆ ಹಾರುತ್ತಿತ್ತು. ಭಾವಮೈದ ಸ್ಟಿಯರಿಂಗನ್ನು ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದ. ಜನ ಸೀಟಿನ ಕಂಬಿ ಕಚ್ಚಿ ಹಿಡಿದು, ಇದನ್ನು ಮಾಡಿದವನ ವಂಶವನ್ನೇ ಶಪಿಸುತ್ತಿದ್ದರು. ನಡುವಿನಲ್ಲಿ ರೈಟಣ್ಣ, ಎಂಬತ್ತನಾಲ್ಕು ಕಿಲೋದ ರೈಟಣ್ಣ, ಯಾವ ಕಂಬಿಯನ್ನೂ ಹಿಡಿಯದೆ, ಹೆಂಡತಿ ಸೊಂಟ ಹಿಡಿದು ಹೊಲಿದ ಸಮವಸ್ತ್ರದಲ್ಲಿ ಆ ಕಡೆಯಿಂದ ಈ ಕಡೆಗೆ ಮೀನಿನ ಹಾಗೆ ಓಡಾಡುತ್ತಿದ್ದ. ಅವನ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿರಲಿಲ್ಲ. ಬೈಗುಳಗಳು ಅವನಿಗೇ ಸೇರಬೇಕಾದವು ಎಂಬುದೂ ಅವನಿಗೆ ಹೊಳೆದಂತಿರಲಿಲ್ಲ.

"ಪೂರ್ತಿ ಇಪ್ಪತ್ತೊಂದು ಸಾಹುಕಾರ್ರೇ" ಎಂದು ನನ್ನ ಕಿವಿಯಲ್ಲಿ ಹೇಳಿದ. "ಭಾನುವಾರದಿಂದ ಇದರಲ್ಲೇ ಓಡ್ತೀನಿ. ಮುಂದಿನ ವರ್ಷ ನೋಡಿ."

ಹೊಸ ಬೂಟಿಗೆ ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಂಡೆ.

ಜೌಗಿನ ಆ ಬದಿಯ ಸ್ಟಾಪ್ ಬಂತು. ಅಲ್ಲಿ ಕಲ್ಲಿನ ಮೇಲೆ ಒಬ್ಬ ಅಜ್ಜಿ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನೋಡಿದ ಮುಖ. ಅರ್ಧ ಗಂಟೆಯ ಹಿಂದೆ, ಸೇತುವೆಯ ಈಚೆ ಬಸ್ಸು ಹಳೆಯ ದಾರಿಗೆ ತಿರುಗಿದಾಗ, "ನಿಲ್ಸಪ್ಪ ನಿಲ್ಸು" ಎಂದು ಕೂಗಿ ಇಳಿದುಹೋದವಳೇ. ಸೇತುವೆಯ ಮೇಲೆ ನಡೆದು ಬಂದು, ಕೂತು, ಉಸಿರಾಡಿ, ನೀರು ಕುಡಿದು ಮುಗಿಸಿದ್ದಳು.

"ಈಗ ಬಂದ್ರಾ?" ಎಂದಳು.

"ಬೇಗ ಹೋಗೋದಲ್ಲ ಅಜ್ಜಿ, ಪೂರ್ತಿ ಹೋಗೋದು ಮುಖ್ಯ" ಎಂದ ರೈಟಣ್ಣ ಬಾಗಿಲಲ್ಲಿ ನಿಂತು, ಟಿಕೆಟ್ ಪುಸ್ತಕ ಬಿಚ್ಚುತ್ತ. "ಬನ್ನಿ ಹತ್ತಿ, ಟ್ಯಾಂಕ್ ತಾನೆ? ಇನ್ನು ಎರಡೇ ಸ್ಟಾಪು."

ಅಜ್ಜಿ ಅವನ ಮುಖವನ್ನೊಮ್ಮೆ, ಧೂಳು ಮೆತ್ತಿದ ಬಸ್ಸನ್ನೊಮ್ಮೆ ನೋಡಿ ಎದ್ದಳು. ಚೀಲ ಕಂಕುಳಿಗೆ ಸಿಕ್ಕಿಸಿಕೊಂಡಳು.

"ನೀನು ಹೋಗಪ್ಪ" ಎಂದಳು. "ನಂಗೆ ಅರ್ಜೆಂಟ್ ಇದೆ."

ಹೇಳಿ, ನಡೆದೇ ಹೊರಟಳು.